ನಮ್ಮ ಗೋಡೆಯ ಲಕ್ಷ್ಮಿ, ಪುಷ್ಪಮಾಲಾ ಅವರ ಲಕ್ಷ್ಮಿ

ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ಗುಡಿಯ ಆಸುಪಾಸಿನ ಫೋಟೊ ಅಂಗಡಿಗಳಲ್ಲಿ ಸ್ವಾಮಿಗಳ ಚಿತ್ರದ ಪಕ್ಕದಲ್ಲೇ ಲಕ್ಷ್ಮಿಯೂ ಇರುತ್ತಾಳೆ. ತಾವರೆಯ ಮೇಲೆ ನಿಂತವಳು, ನಾಲ್ಕು ಕೈಯವಳು, ಜರಿ ಅಂಚಿನ ಸೀರೆಯವಳು. ಹಿಂದೆ ನೀರು, ಪಕ್ಕದಲ್ಲಿ ಮಾಲೆ ಹಿಡಿದ ಆನೆ. ಸೋಲಾಪುರದ ಗಿರಣಿ ಕೆಲಸಗಾರರ ಚಾಳಿನಿಂದ ಹಿಡಿದು ಸಾಹುಕಾರರ ವಾಡೆಯವರೆಗೆ ಈ ಚಿತ್ರ ಇಲ್ಲದ ಮನೆ ಸಿಗುವುದು ಕಷ್ಟ. ದೀಪಾವಳಿಯ ಅಮಾವಾಸ್ಯೆಗೆ ಅಂಗಡಿಯ ಲೆಕ್ಕದ ವಹಿಯ ಜೊತೆ ಪೂಜೆಯಾಗುವುದೂ ಇವಳಿಗೇ. ಲಕ್ಷ್ಮಿ ಅಂದ ಕೂಡಲೇ ಕಣ್ಣೆದುರು ಬರುವ ಈ ಮುಖ, ಈ ನಿಲುವು ಪುರಾಣದಿಂದ ನೇರ ಇಳಿದು ಬಂದದ್ದಲ್ಲ. ಅದನ್ನು ನಮಗೆ ಕೊಟ್ಟವರು ರಾಜಾ ರವಿವರ್ಮ. ಅವರು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಕೆಲವೇ ವರ್ಷಗಳಲ್ಲಿ ಅದು ಲೋಣಾವಳಾ ಹತ್ತಿರದ ಮಳವಲಿಗೆ ಹೋಯಿತು. ಮಳವಲಿ ಮುಂಬಯಿ–ಪುಣೆ ರೈಲು ಹಳಿಯ ಮೇಲಿನ ಊರು. ಅದೇ ಹಳಿ ಪುಣೆ ದಾಟಿ, ಸೋಲಾಪುರ, ಅಕ್ಕಲಕೋಟೆ ರೋಡ್ ಹಾದು ರಾಯಚೂರಿಗೆ ಹೋಗುತ್ತದೆ. ಅರಮನೆಯ ಗೋಡೆಯಲ್ಲಿದ್ದ ತೈಲಚಿತ್ರ ಬಡವರ ಗೋಡೆಗೆ ಬಂದದ್ದು ಆ ಅಚ್ಚಿನ ದಯದಿಂದ.

ಇದೇ ಲಕ್ಷ್ಮಿ ಸುಮಾರು ನೂರು ವರ್ಷಗಳ ಮೇಲೆ ಬೆಂಗಳೂರಿನ ಒಂದು ಸೆಟ್ಟಿನಲ್ಲಿ ಮತ್ತೆ ನಿಂತಳು. ತಾವರೆ ಕೃತಕ, ಹಿಂದಿನ ಕೊಳ ಪರದೆಯ ಮೇಲೆ ಬರೆದದ್ದು. ಎರಡು ಕೈ ನಿಜವಾದವು, ಇನ್ನೆರಡು ಮಾಡಿಸಿ ಕಟ್ಟಿದವು. ಕಿರೀಟದ ಕೆಳಗಿನ ಮುಖ ಕಲಾವಿದೆ ಪುಷ್ಪಮಾಲಾ ಎನ್. ಅವರದು. ಕ್ಯಾಮೆರಾ ಹಿಂದೆ ಇದ್ದವರು ದಕ್ಷಿಣ ಭಾರತದಲ್ಲೇ ಬೆಳೆದ ಬ್ರಿಟಿಷ್ ಮೂಲದ ಛಾಯಾಗ್ರಾಹಕಿ ಕ್ಲೇರ್ ಆರ್ನಿ. 2000ದಿಂದ 2004ರವರೆಗೆ ಇಬ್ಬರೂ ಸೇರಿ ಮಾಡಿದ ಈ ದೊಡ್ಡ ಕೆಲಸಕ್ಕೆ ಅವರಿಟ್ಟ ಹೆಸರು ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’. ಬ್ರಿಟಿಷರ ಕಾಲದ ದಪ್ಪ ರಟ್ಟಿನ ಜನಾಂಗ ವರ್ಣನೆಯ ಪುಸ್ತಕಗಳನ್ನು ನೋಡಿದವರಿಗೆ ಈ ಹೆಸರಿನ ದನಿ ಎಲ್ಲಿಯದು ಎಂದು ಹೇಳಬೇಕಾಗಿಲ್ಲ.

ಪುಷ್ಪಮಾಲಾ ಅವರ ಬಗ್ಗೆ ನಮ್ಮ ಗಡಿ ಜಿಲ್ಲೆಯ ಓದುಗರಿಗಾಗಿ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಅವರು ಬೆಂಗಳೂರಿನವರು, 1956ರಲ್ಲಿ ಹುಟ್ಟಿದವರು. ಸೋಲಾಪುರಕ್ಕೂ ಅವರಿಗೂ ಊರಿನ ನಂಟೇನೂ ಇಲ್ಲ. ಆದರೆ ಅವರ ಚಿತ್ರಗಳ ಎದುರು ನಿಂತಾಗ ನನಗೆ ನೆನಪಾಗುವುದು ಬಹುಮಟ್ಟಿಗೆ ನಮ್ಮೂರೇ. ರವಿವರ್ಮನ ಅಚ್ಚಿನ ಚಿತ್ರ, ಬಣ್ಣ ಹಚ್ಚಿದ ಸ್ಟುಡಿಯೊ ಫೋಟೊ, ನಾಟಕದ ಪರದೆ, ಸಿನಿಮಾ ಬೋರ್ಡು, ಆದಿಲ್‌ಶಾಹಿ ಕಾಲದ ಕಿರುಚಿತ್ರ, ಪೊಲೀಸರ ದಾಖಲೆಯ ಫೋಟೊ: ಅವರು ಕೈಹಾಕಿದ ಇವೆಲ್ಲವೂ ನಮ್ಮ ಊರಿನ ಹೆಣ್ಣುಮಕ್ಕಳ ಬದುಕಿನಲ್ಲಿ ಹಾದುಹೋಗಿವೆ. ಕೆಲವು ಅಲಂಕಾರವಾಗಿ ಬಂದವು, ಕೆಲವು ಬೇಡಿಯಾಗಿ.

ಅವರು ಮೊದಲು ಕೈ ಹಚ್ಚಿದ್ದು ಮಣ್ಣಿಗೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ, ಇಂಗ್ಲಿಷ್, ಮನಶ್ಶಾಸ್ತ್ರ ಓದಿ, ಆಮೇಲೆ ಬರೋಡದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ ಕಲಿತರು. 1985ರಲ್ಲಿ ಎಂ.ಎ. ಮುಗಿಯಿತು. ಸುಟ್ಟ ಮಣ್ಣಿನಲ್ಲಿ ಅವರು ಮಾಡಿದ ಹುಡುಗಿಯರ ಶಿಲ್ಪಗಳು ಬೇಗ ಹೆಸರು ಮಾಡಿದವು. 1984ರಲ್ಲಿ ಲಲಿತಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿ, 1986ರ ತ್ರೈವಾರ್ಷಿಕ ಪ್ರದರ್ಶನದಲ್ಲಿ ಚಿನ್ನದ ಪದಕ. ಈ ದಾರಿಯಲ್ಲೇ ನಡೆದಿದ್ದರೆ ದೇಶದ ಒಳ್ಳೆಯ ಶಿಲ್ಪಿಗಳ ಪಟ್ಟಿಯಲ್ಲಿ ಸುಖವಾಗಿ ಇರುತ್ತಿದ್ದರು. ಆದರೆ ಬಾಬರಿ ಮಸೀದಿ ಬಿದ್ದು ಮುಂಬಯಿ ಹೊತ್ತಿ ಉರಿದ 1992–93 ಅನೇಕ ಕಲಾವಿದರ ಹಾಗೆ ಅವರನ್ನೂ ಅಲುಗಾಡಿಸಿತು. ಅಲ್ಲಿಂದ ಮುಂದೆ ಅವರ ಕೆಲಸದ ಸಾಮಗ್ರಿ ಬದಲಾಯಿತು. ಕೆಲವೇ ವರ್ಷಗಳಲ್ಲಿ ಅವರು ತಮ್ಮ ಮೈಯನ್ನೇ ಸಾಮಗ್ರಿ ಮಾಡಿಕೊಂಡು ಕ್ಯಾಮೆರಾ ಎದುರು ನಿಂತರು.

ಮೊದಲು ಬಂದದ್ದು ‘ಫ್ಯಾಂಟಮ್ ಲೇಡಿ ಆರ್ ಕಿಸ್ಮತ್’ (1996–98). ಮುಂಬಯಿಯ ಬೀದಿಗಳಲ್ಲಿ ಮೀನಲ್ ಅಗರವಾಲ್ ತೆಗೆದ ಕಪ್ಪು ಬಿಳುಪು ಫೋಟೊಗಳ ಕಥೆ. ಮುಖಕ್ಕೆ ಮುಸುಕು ಹಾಕಿದ ಸಾಹಸಿ ನಾಯಕಿ ತನ್ನ ಅವಳಿ ಸೋದರಿಯನ್ನು ಹುಡುಕುತ್ತ ಭೂಗತ ಲೋಕಕ್ಕೆ ಇಳಿಯುತ್ತಾಳೆ. ಎರಡೂ ಪಾತ್ರ ಪುಷ್ಪಮಾಲಾ ಅವರವೇ. ‘ಹಂಟರ್‌ವಾಲಿ’ (1935) ಚಿತ್ರದಲ್ಲಿ ಚಾಟಿ ಹಿಡಿದು ಕುದುರೆ ಏರಿದ ಫಿಯರ್‌ಲೆಸ್ ನಾಡಿಯಾಳ ನೆರಳು ಅಲ್ಲಿ ಸ್ಪಷ್ಟ. ಅಮೆರಿಕದ ಸಿಂಡಿ ಶರ್ಮನ್ 1977ರಿಂದ 80ರ ನಡುವೆ ಇಲ್ಲದ ಸಿನಿಮಾಗಳ ನಾಯಕಿಯಾಗಿ ತನ್ನ ಫೋಟೊ ತಾನೇ ತೆಗೆದುಕೊಂಡದ್ದನ್ನು ಹೇಳಿ ವಿಮರ್ಶಕರು ಇಬ್ಬರನ್ನೂ ಪಕ್ಕಪಕ್ಕ ಇಡುತ್ತಾರೆ. ಹೋಲಿಕೆ ತಪ್ಪಲ್ಲ, ಆದರೆ ಅದರಿಂದ ನನಗೆ ಹೆಚ್ಚು ತಿಳಿಯುವುದಿಲ್ಲ. ಶರ್ಮನ್ ಒಬ್ಬಂಟಿಯಾಗಿ ಕೆಲಸ ಮಾಡುತ್ತಾರೆ. ಪುಷ್ಪಮಾಲಾ ಮಾತ್ರ ಪರದೆ ಬರೆಯುವವರು, ಬಟ್ಟೆ ಹೊಲಿಯುವವರು, ದೀಪ ಹಿಡಿಯುವವರು, ಗೆಳೆಯರು ಎಲ್ಲರನ್ನೂ ಕೂಡಿಸಿಕೊಂಡು ನಾಟಕ ಕಂಪನಿಯ ಯಜಮಾನರಂತೆ ಕೆಲಸ ನಡೆಸುತ್ತಾರೆ. ತಮ್ಮ ಕಲ್ಪಿತ ಸಂಸ್ಥೆಗೆ ಅವರು ಇಟ್ಟ ಹೆಸರು ‘ಸೋಂಬೇರಿಕಟ್ಟೆ’. ಅದಕ್ಕಿಂತ ಕನ್ನಡದ ಹೆಸರು ಬೇಕೆ?

ಇದಾದ ಮೇಲೆ 1998ರಲ್ಲಿ ಬಂದ ‘ಸುನಹರೇ ಸಪನೇ’ ಸರಣಿಯ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಅದನ್ನು ಮಾಡಿದ್ದು ದಿಲ್ಲಿ ಹತ್ತಿರದ ಮೋದಿನಗರದಲ್ಲಿ. ಅದೂ ನಮ್ಮ ಸೋಲಾಪುರದ ಹಾಗೆ ಗಿರಣಿಗಳಿಂದ ಬೆಳೆದ ಊರು. ಕಪ್ಪು ಬಿಳುಪು ಫೋಟೊ ತೆಗೆದು ಅದರ ಮೇಲೆ ಕೈಯಿಂದ ಬಣ್ಣ ಹಚ್ಚಿದ್ದಾರೆ. ಒಂದು ಕಡೆ ಮಧ್ಯಮ ವರ್ಗದ ಗೃಹಿಣಿ, ಇನ್ನೊಂದು ಕಡೆ ಬಂಗಾರ ಬಣ್ಣದ ಉಡುಪಿನಲ್ಲಿ ಅವಳ ಕನಸಿನ ರೂಪ. ಬಣ್ಣದ ಫಿಲ್ಮು ಬರುವ ಮೊದಲು ನಮ್ಮ ಊರುಗಳಲ್ಲಿ ಫೋಟೊ ತೆಗೆಯುವವನೇ ಕುಂಚವನ್ನೂ ಹಿಡಿಯುತ್ತಿದ್ದ. ‘ಫೋಟೋಗ್ರಾಫರ್ ಅಂಡ್ ಪೇಂಟರ್’ ಎಂದು ಬೋರ್ಡು ಹಾಕುತ್ತಿದ್ದ. ಕೆನ್ನೆಗೆ ನಸುಗೆಂಪು, ಸೀರೆಗೆ ಹಸಿರು, ಮೂಗುತಿಗೆ ಒಂದು ಚುಕ್ಕೆ ಹಳದಿ. ಮೈಬಣ್ಣ ಕಪ್ಪಾಗಿದ್ದರೆ ಅದನ್ನು ಒಂದು ಛಾಯೆ ತಿಳಿ ಮಾಡುವುದೂ ಅವನ ಕೆಲಸವೇ ಆಗಿತ್ತು.

ಆ ಬಣ್ಣದ ಹೆಚ್ಚಿನ ಭಾಗ ಖರ್ಚಾಗುತ್ತಿದ್ದದ್ದು ಕನ್ಯಾ ತೋರಿಸುವ ಫೋಟೊಗಳಿಗೆ. ನಮ್ಮ ತಾಯಂದಿರ ಕಾಲದ ಪ್ರತಿ ಮನೆಯ ಟ್ರಂಕಿನಲ್ಲೂ ಅಂಥದ್ದೊಂದು ಇರುತ್ತದೆ. ಬಣ್ಣದ ಪರದೆಯ ಮುಂದೆ, ಹೂದಾನಿ ಇಟ್ಟ ಎತ್ತರದ ಮೇಜಿನ ಮೇಲೆ ಒಂದು ಕೈ ಇಟ್ಟು, ಅಡಿಯಿಂದ ಮುಡಿಯವರೆಗೆ ಕಾಣುವ ಹಾಗೆ ನಿಂತ ಹುಡುಗಿ. ಸೀರೆ ಯಾವುದು ಎಂದು ನಿಶ್ಚಯಿಸಿದವರು ಅವ್ವ. ಜಡೆ ಮುಂದೆ ಹಾಕಿಕೊಳ್ಳಲು ಹೇಳಿದವಳು ಅತ್ತಿಗೆ. ಗಲ್ಲ ಇಷ್ಟು ಎತ್ತು, ಕಣ್ಣು ಇಷ್ಟು ತಗ್ಗಿಸು ಎಂದವನು ಸ್ಟುಡಿಯೊದವನು. ನೋಡಿ ಒಪ್ಪುವವರು, ಇಲ್ಲವೇ ಫೋಟೊ ವಾಪಸು ಕಳಿಸುವವರು, ವಿಜಯಪುರದಲ್ಲೋ ಕಲಬುರ್ಗಿಯಲ್ಲೋ ಕೂತ ಬೀಗರು. ಆ ಚಿತ್ರದಲ್ಲಿ ಹುಡುಗಿಯದಾಗಿ ಇದ್ದದ್ದು ಮೈ ಒಂದೇ. ಇಷ್ಟು ವರ್ಷ ಹೆಣ್ಣಿನ ಚಿತ್ರ ತಯಾರಾದ ಬಗೆ ಇದು. ಇಲ್ಲಿ ಅಪ್ಪಣೆ ಕೊಡುವ ಜಾಗದಲ್ಲಿ ಪುಷ್ಪಮಾಲಾ ತಾವು ನಿಂತರು, ಮೈಯ ಜಾಗವನ್ನೂ ಬಿಟ್ಟುಕೊಡಲಿಲ್ಲ. ಅವರ ಸ್ತ್ರೀವಾದವನ್ನು ನಾನು ತಿಳಿದುಕೊಂಡದ್ದು ಹೀಗೆ.

ಸ್ಟುಡಿಯೊದ ಗುಟ್ಟು ಕಲಿಯಲು ಅವರು ಹೋದದ್ದು ಮುಂಬಯಿಯ ದಾದರಿನ ಇಂಡಿಯಾ ಫೋಟೊ ಸ್ಟುಡಿಯೊಕ್ಕೆ. ಅದರ ಒಡೆಯ ಜೆ.ಎಚ್. ಠಕ್ಕರ್ ದೇಶ ವಿಭಜನೆಯ ಹೊತ್ತಿಗೆ ಕರಾಚಿಯಿಂದ ಬಂದು, ನರ್ಗಿಸ್, ದಿಲೀಪ್ ಕುಮಾರ್ ಅವರಂಥ ತಾರೆಯರನ್ನು ಬೆಳಕಿನಲ್ಲಿ ಅದ್ದಿ ತೆಗೆದವರು. ಆ ಮುದುಕರ ಕೈಯಲ್ಲಿ ಪುಷ್ಪಮಾಲಾ ನವರಸಗಳನ್ನು ಅಭಿನಯಿಸಿ ಫೋಟೊ ತೆಗೆಸಿಕೊಂಡರು. ನಾಯಕಿಯ ಕೆನ್ನೆ ಹೊಳೆಯಲು ದೀಪ ಎಲ್ಲಿರಬೇಕು, ದುಃಖ ಕಾಣಲು ನೆರಳು ಎಷ್ಟು ಬೇಕು ಎಂಬ ವಿದ್ಯೆ ಆ ಚಿತ್ರಗಳಲ್ಲಿ ಉಳಿದುಕೊಂಡಿದೆ. ಹಳೆಯ ಸ್ಟುಡಿಯೊದವರ ಕಸುಬಿನ ಬಗ್ಗೆ ಅವರಿಗೆ ಇರುವ ಗೌರವವನ್ನು ಮರೆತು, ಅವರ ಕೆಲಸವನ್ನು ಬರೀ ಅಣಕ ಎಂದು ಬರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ.

ಹೆಣ್ಣಿನ ವೇಷವನ್ನು ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆ ಮರಾಠಿ–ಕನ್ನಡ ಸೀಮೆಯಲ್ಲಿ ಹೊಸದೂ ಅಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ನಾಡಿನ ಶ್ರೀಮಂತ ಮನೆಯ ಹೆಂಗಸರು ಸೀರೆಯ ನಿರಿಗೆ, ತುರುಬಿನ ಹೂವು ಹೇಗಿರಬೇಕು ಎಂದು ಕಲಿತದ್ದು ಬಾಲಗಂಧರ್ವರನ್ನು ನೋಡಿ. ಶಕುಂತಲೆ, ಸುಭದ್ರೆ, ರುಕ್ಮಿಣಿಯಾಗಿ ರಂಗಕ್ಕೆ ಬರುತ್ತಿದ್ದ ನಾರಾಯಣ ರಾಜಹಂಸ ಗಂಡಸು. 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿಯಾದ ಸಾಳುಂಕೆಯೂ ಗಂಡಸು. ಆ ಸಿನಿಮಾ ತೆಗೆದ ಫಾಳ್ಕೆ ಅದಕ್ಕೆ ಮೊದಲು ರವಿವರ್ಮನ ಮುದ್ರಣಾಲಯದಲ್ಲೇ ಕೆಲಸ ಮಾಡಿದ್ದರು. ಗಂಡಸರು ಬರೆದ, ಗಂಡಸರು ಅಚ್ಚು ಹಾಕಿದ, ಗಂಡಸರೇ ಅಭಿನಯಿಸಿದ ಹೆಣ್ಣುತನವನ್ನು ಹೆಂಗಸರು ನೋಡಿ ಕಲಿತು ಉಟ್ಟರು. ಬಾಲಗಂಧರ್ವರ ಕಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಅವರ ದನಿಗೆ ಈಗಲೂ ಮನಸ್ಸು ಕರಗುತ್ತದೆ. ಆದರೆ ಪುಷ್ಪಮಾಲಾ ಲಕ್ಷ್ಮಿಯಾಗಿ ನಿಂತದ್ದರ ಹಿಂದೆ ಎಷ್ಟು ಉದ್ದದ ಚರಿತ್ರೆ ಇದೆ ಎಂದು ತಿಳಿಯಲು ಇದನ್ನು ನೆನೆಯಬೇಕು.

‘ನೇಟಿವ್ ವಿಮೆನ್’ ಸರಣಿಯಲ್ಲಿ ಲಕ್ಷ್ಮಿ ಒಬ್ಬಳೇ ಇಲ್ಲ. ರವಿವರ್ಮನ ಬೆಳದಿಂಗಳ ಹೆಣ್ಣು ಇದ್ದಾಳೆ, ಕೆರೆಯಿಂದ ನೀರು ತರುವವಳು ಇದ್ದಾಳೆ. ಸಿನಿಮಾದ ಜಯಲಲಿತಾ ಇದ್ದಾರೆ, ವೇಳಾಂಗಣಿ ಮಾತೆ ಇದ್ದಾಳೆ. ಇವರ ನಡುವೆ ನಮ್ಮ ನೆರೆಯವಳೊಬ್ಬಳೂ ಇದ್ದಾಳೆ: ದಖ್ಖನಿ ಕಿರುಚಿತ್ರದ ಯೋಗಿನಿ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ವಿಜಯಪುರದ ಚಿತ್ರಕಾರರಿಗೆ ಯೋಗಿನಿಯರೆಂದರೆ ಬಹಳ ಪ್ರೀತಿ. ಕೈಯ ಮೇಲಿನ ಮೈನಾ ಹಕ್ಕಿಯೊಡನೆ ಮಾತಿಗೆ ನಿಂತ ಯೋಗಿನಿಯ ಪ್ರಸಿದ್ಧ ಚಿತ್ರ ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಸೋಲಾಪುರದಿಂದ ವಿಜಯಪುರ ನೂರು ಕಿಲೋಮೀಟರು. ಆದಿಲ್‌ಶಾಹಿಗೂ ನಮ್ಮ ಊರಿಗೂ ಇದ್ದ ನಂಟಿನ ನಡುವೆಯೂ ಒಬ್ಬ ಹೆಣ್ಣಿದ್ದಳು. ಅಹಮದನಗರದ ನಿಜಾಮಶಾಹಿಯ ಮಗಳು ಚಾಂದ್ ಬೀಬಿಯನ್ನು ಅಲಿ ಆದಿಲ್‌ಶಾಹನಿಗೆ ಕೊಟ್ಟಾಗ ಸೋಲಾಪುರದ ಕೋಟೆಯನ್ನು ಬಳುವಳಿಯಾಗಿ ಕೊಟ್ಟರು. ಮದುವೆಯ ಒಪ್ಪಂದದಲ್ಲಿ ಅವಳೂ ಕೋಟೆಯೂ ಒಟ್ಟಿಗೆ ಕೈಬದಲಾದವು. ಮುಂದೆ 1595–96ರಲ್ಲಿ ಮೊಗಲರ ಮುತ್ತಿಗೆಯಿಂದ ಅಹಮದನಗರವನ್ನು ಉಳಿಸಿದವಳು ಅವಳೇ. ಅವಳ ಕಾಲ ಕಳೆದ ಎಷ್ಟೋ ವರ್ಷಗಳ ಮೇಲೆ ದಖ್ಖನಿ ಚಿತ್ರಕಾರರು ಅವಳನ್ನು ಕುದುರೆಯ ಮೇಲೆ, ಕೈಯಲ್ಲಿ ಡೇಗೆ ಹಿಡಿದು ಬೇಟೆಗೆ ಹೊರಟ ರಾಣಿಯಾಗಿ ಬರೆದರು. ಬಿಟ್ಟುಕೊಡಲಾದ ಹುಡುಗಿಯ ಚಿತ್ರವನ್ನು ಯಾರೂ ಬರೆಯಲಿಲ್ಲ.

ಇದೇ ಕೆಲಸದ ಇನ್ನೊಂದು ಭಾಗ ಎಲ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ಅದಕ್ಕೆ ‘ಎಥ್ನೋಗ್ರಾಫಿಕ್ ಸೀರೀಸ್’ ಎಂದು ಹೆಸರು. ಇಲ್ಲಿ ಬಣ್ಣವಿಲ್ಲ, ಕಂದುಗಟ್ಟಿದ ಚಿಕ್ಕ ಫೋಟೊಗಳು. ಹಿಂದೆ ಚೌಕಳಿ ಪರದೆ. 1869ರಲ್ಲಿ ಲ್ಯಾಂಪ್ರಿ ಎಂಬ ಇಂಗ್ಲಿಷಿನವನು, ‘ನೇಟಿವ್’ ಜನರನ್ನು ಎರಡೆರಡು ಇಂಚಿನ ಚೌಕಗಳ ಮುಂದೆ ಬೆತ್ತಲೆ ನಿಲ್ಲಿಸಿ ಫೋಟೊ ತೆಗೆದರೆ ಜನಾಂಗ ಜನಾಂಗಗಳ ಅಳತೆ ಹೋಲಿಸಬಹುದು ಎಂದು ಉಪಾಯ ಹೇಳಿಕೊಟ್ಟ. 1890ರ ದಶಕದಲ್ಲಿ ಅಂಡಮಾನಿನ ಅಧಿಕಾರಿ ಎಂ.ವಿ. ಪೋರ್ಟ್‌ಮನ್ ಅಲ್ಲಿಯ ಮೂಲನಿವಾಸಿಗಳನ್ನು ಹೀಗೆ ಚೌಕಳಿಯ ಮುಂದೆ ನಿಲ್ಲಿಸಿದ. ಪುಷ್ಪಮಾಲಾ ಆ ಚೌಕಳಿಯ ಮುಂದೆ ತಮ್ಮನ್ನೇ ನಿಲ್ಲಿಸಿಕೊಂಡರು, ತಮ್ಮ ಹಿಂದಿನ ಪಾತ್ರಗಳನ್ನೂ ಎಳೆದು ತಂದರು. ದೇವಿ ಎಂದು ಪೂಜೆಗೆ ಇಡುವ ಹೆಣ್ಣನ್ನೂ ಜಾತಿಯ ಮಾದರಿ ಎಂದು ಅಳೆಯುವ ಹೆಣ್ಣನ್ನೂ ಒಂದೇ ಪರದೆಯ ಮುಂದೆ ತಂದಾಗ ಎರಡರ ಹಿಂದೆಯೂ ಒಂದೇ ಕಣ್ಣು ಕೆಲಸ ಮಾಡಿದ್ದು ಕಾಣುತ್ತದೆ. ಸರ ಕಿತ್ತ ಆರೋಪದ ಮೇಲೆ ಹಿಡಿದ ಇಬ್ಬರು ಹೆಂಗಸರ ಪತ್ರಿಕಾ ಫೋಟೊ ಒಂದನ್ನೂ ಅವರು ಮತ್ತೆ ಅಭಿನಯಿಸಿದ್ದಾರೆ. ಅದರ ಹೆಸರು ‘ಕ್ರಿಮಿನಲ್ಸ್’.

ಆ ಹೆಸರು ಓದಿದ ಸೋಲಾಪುರದವರಿಗೆ ಸೆಟ್ಲಮೆಂಟ್ ನೆನಪಾಗದೆ ಇರಲಾರದು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟಿನಿಂದಲೇ ಕಳ್ಳರು ಎಂದು ಕೆಲವು ಜಾತಿಗಳನ್ನು ಪಟ್ಟಿ ಮಾಡಿತು. ಪಾರಧಿ, ಕೈಕಾಡಿ, ಟಕಾರಿ, ಭಾಮಟಾ ಮನೆಗಳನ್ನು ಇಲ್ಲಿ ತಂತಿಬೇಲಿಯೊಳಗೆ ತಂದು ಇಟ್ಟರು. ಹಾಜರಿ ಕೊಡಬೇಕು, ಬೆರಳಚ್ಚು ಕೊಡಬೇಕು, ಚೀಟಿ ಇಲ್ಲದೆ ಹೊರಗೆ ಹೋಗಬಾರದು. ಗಿರಣಿಗಳಿಗೆ ಅಗ್ಗದ ಕೈಗಳಾಗಿ ದುಡಿಯಬಹುದು. ಬೇಲಿಯೊಳಗೆ ಹುಟ್ಟಿದ ಹೆಣ್ಣುಮಗು ಕಣ್ಣು ಬಿಡುವ ಮೊದಲೇ ಆರೋಪಿ. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರ ಆಗಸ್ಟ್ 31ರಂದು, ದೇಶದಲ್ಲಿ ಆ ಕಾಯ್ದೆ ಹೋಯಿತು. ನೆಹರೂ ಸೋಲಾಪುರಕ್ಕೆ ಬಂದು ಆ ತಂತಿಬೇಲಿ ಕತ್ತರಿಸಿದರು ಎಂದು ಇಲ್ಲಿಯ ವಿಮುಕ್ತ ಜನ ಅಭಿಮಾನದಿಂದ ಹೇಳುತ್ತಾರೆ. ಸೆಟ್ಲಮೆಂಟ್ ಫ್ರೀ ಕಾಲನಿ ಎಂಬ ಹೆಸರಿನಲ್ಲಿ ಆ ಜಾಗ ಈಗಲೂ ಊರಿನ ಭಾಗ. ಆದರೆ ಎಲ್ಲೋ ಕಳವಾದರೆ ಪೊಲೀಸರ ಕಣ್ಣು ಮೊದಲು ಆ ಕಡೆಗೇ ತಿರುಗುವ ಅಭ್ಯಾಸ ಬೇಲಿಯ ಜೊತೆ ಹೋಗಲಿಲ್ಲ. ಅಲ್ಲಿಯ ಹುಡುಗಿಯೊಬ್ಬಳ ಫೋಟೊ ಪತ್ರಿಕೆಯಲ್ಲಿ ಬಂದರೆ, ಅವಳು ಏನು ಮಾಡಿದಳು ಎನ್ನುವುದಕ್ಕಿಂತ ಮೊದಲು ಯಾವ ಜಾತಿ ಎಂದು ಕೇಳುವವರನ್ನು ನಾನು ನೋಡಿದ್ದೇನೆ.

ಇಲ್ಲಿ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಬೆಂಗಳೂರಿನ ಓದಿದ ಮನೆಯ ಕಲಾವಿದೆ ತೋಡ ಬುಡಕಟ್ಟಿನ ಹೆಂಗಸಿನ ವೇಷ ಹಾಕಬಹುದೆ? ಸರ ಕಿತ್ತವಳ ಜಾಗದಲ್ಲಿ ನಿಲ್ಲಬಹುದೆ? ವೇಷ ಕಳಚಿದ ಮೇಲೆ ಪುಷ್ಪಮಾಲಾ ಮನೆಗೆ ಹೋಗುತ್ತಾರೆ, ಆ ಹೆಂಗಸು ಠಾಣೆಯಲ್ಲೇ ಇರುತ್ತಾಳೆ. ಈ ಮಾತನ್ನು ಅಡ್ಡಮಾತು ಎಂದು ತಳ್ಳಿಹಾಕಬಾರದು. ಆದರೂ ಸರಣಿಯನ್ನು ಪೂರ್ತಿ ನೋಡಿದ ಮೇಲೆ, ಅವರು ಆ ಹೆಂಗಸಿನ ನೋವನ್ನು ತಮ್ಮದೆಂದು ಹೇಳಿಕೊಳ್ಳುತ್ತಿಲ್ಲ ಎಂಬುದು ನನಗೆ ಖಾತ್ರಿಯಾಯಿತು. ಅವರ ಗುರಿ ಆ ಫೋಟೊದ ವಿಧಾನ. ಪರದೆ ಹೇಗೆ ಕಟ್ಟುತ್ತಾರೆ, ದೀಪ ಎಲ್ಲಿ, ಯಾರು ಯಾರನ್ನು ಹೇಗೆ ನಿಲ್ಲಿಸುತ್ತಾರೆ ಎಂಬುದನ್ನು ತೋರಿಸಲೆಂದೇ ಅವರು ಚಿತ್ರೀಕರಣದ ಗದ್ದಲವನ್ನೂ ‘ಪ್ರೊಸೆಸ್ ಸೀರೀಸ್’ ಎಂದು ಪ್ರದರ್ಶನಕ್ಕೆ ಇಟ್ಟರು. ಪೂಜೆಯ ಲಕ್ಷ್ಮಿಯ ಹಿಂದೆ ಬಡಿಗನ ಕೆಲಸ ಇದೆ ಎಂದು ಕಂಡವರು ಪೊಲೀಸ್ ಫೋಟೊವನ್ನು ಮೊದಲಿನಷ್ಟು ನಂಬುವುದಿಲ್ಲ. ಇನ್ನು ಆ ಹೆಂಗಸರ ಸ್ವಂತ ಮಾತು, ಸ್ವಂತ ಚಿತ್ರ: ಅದನ್ನು ಅವರೇ ತರಬೇಕು. ಉತ್ತರಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಶುರುವಾದ ‘ಖಬರ್ ಲಹರಿಯಾ’ ಪತ್ರಿಕೆಯಲ್ಲಿ ಹಳ್ಳಿಯ ದಲಿತ ಹೆಂಗಸರು ವರದಿಗಾರರಾಗಿ ಕ್ಯಾಮೆರಾ ಹಿಡಿದದ್ದು ನಮ್ಮ ಕಣ್ಣೆದುರಿನ ಉದಾಹರಣೆ. ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ಅವರ ಮೊದಮೊದಲ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾದವು ಎಂಬುದನ್ನು ನೆನೆದರೆ, ಎಷ್ಟು ದೂರ ಬಂದಿದ್ದೇವೆ ಎಂದೂ ತಿಳಿಯುತ್ತದೆ.

ಆಮೇಲಿನ ಕೆಲಸಗಳಲ್ಲಿ ಎರಡನ್ನು ಹೇಳಿ ಮುಂದೆ ಹೋಗುತ್ತೇನೆ. ‘ರಾಷ್ಟ್ರೀಯ ಖೀರ್ ಔರ್ ದೇಸೀಯ ಸಲಾಡ್’ (2004) ಎಂಬ ಕಿರುಚಿತ್ರ ಹುಟ್ಟಿದ್ದು ಅವರ ತಾಯಿ ಮತ್ತು ಅತ್ತೆಯ ಅಡುಗೆ ಟಿಪ್ಪಣಿಯ ಹಳೆಯ ವಹಿಗಳಿಂದ. ಹೊಸ ಗಣರಾಜ್ಯದ ಕನಸು ಆ ಪುಟಗಳಲ್ಲಿ ಪಾಯಸದ ಅಳತೆಯ ಜೊತೆ ಬೆರೆತು ಹೋಗಿದೆ. 2014ರ ಕೊಚ್ಚಿ ಬಿಯೆನಾಲೆಯಲ್ಲಿ ಅವರು ವಾಸ್ಕೊ ಡ ಗಾಮನೇ ಆದರು. ಪೋರ್ಚುಗಲ್ಲಿನ ವೆಲೋಸೊ ಸಾಲ್ಗಾಡೊ 1898ರಲ್ಲಿ ಬರೆದ, ಗಾಮ ಕಲ್ಲಿಕೋಟೆಯ ದೊರೆಯ ಮುಂದೆ ನಿಂತ ವರ್ಣಚಿತ್ರವನ್ನು ಗೆಳೆಯರನ್ನೆಲ್ಲ ಕಟ್ಟಿಕೊಂಡು ಅಭಿನಯಿಸಿದರು. 2019ರ ಚೆನ್ನೈ ಫೋಟೊ ಬಿಯೆನಾಲೆಗೆ ಕಲಾ ನಿರ್ದೇಶಕಿಯೂ ಅವರೇ.

ಭಾರತಮಾತೆಯ ವೇಷದ ಅವರ ಚಿತ್ರಗಳ ಮಾತು ಬಂದರೆ ನಮ್ಮ ಜಿಲ್ಲೆಯ ಮಗನೊಬ್ಬನನ್ನು ನೆನೆಯದೆ ಹೋಗಲಾಗದು. ಎಂ.ಎಫ್. ಹುಸೇನ್ ಪಂಢರಪುರದಲ್ಲಿ ಹುಟ್ಟಿದವರು, ಮುಂಬಯಿಯಲ್ಲಿ ಸಿನಿಮಾ ಬೋರ್ಡು ಬರೆದು ಹೊಟ್ಟೆ ಹೊರೆದವರು. ದೇಶದ ನಕ್ಷೆಯನ್ನು ಬೆತ್ತಲೆ ಹೆಣ್ಣಿನ ಮೈಯಾಗಿ ಬರೆದ ಅವರ ಚಿತ್ರ 2006ರಲ್ಲಿ ಎಬ್ಬಿಸಿದ ಗದ್ದಲ ಅವರನ್ನು ದೇಶದಿಂದ ಹೊರಗೆ ಹಾಕಿತು. 2011ರಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡರು. ಅವರಿಗೆ ಆದದ್ದು ಅನ್ಯಾಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅವರ ಪರವಾಗಿ, ವಿರೋಧವಾಗಿ ನಡೆದ ಆ ಎಲ್ಲ ವಾದದಲ್ಲಿ, ದೇಶ ಎಂದರೆ ಹೆಣ್ಣಿನ ಮೈಯೇ ಏಕಾಗಬೇಕು ಎಂದು ಕೇಳಿದ ದನಿ ಬಹಳ ಕಡಿಮೆ. ಪುಷ್ಪಮಾಲಾ ಅದನ್ನು ಕೇಳಿದರು. ಕ್ಯಾಲೆಂಡರಿನ ತಾಯಿಯಾಗಿ, ಹಬ್ಬದ ಸ್ತಬ್ಧಚಿತ್ರದ ದೇವಿಯಾಗಿ, ಕಾಳಿಯಾಗಿ ತಾವೇ ನಿಂತು ಕೇಳಿದರು.

ಅದೇ ಭಾರತಮಾತೆಯ ವೇಷದಲ್ಲಿ ಅವರು ಒಂದು ದಿನ ಸಾರು ಮಾಡಿದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ತಮ್ಮ ಮನೆಯ ಮುಂದೆ ಕೊಲೆಯಾದ ಪತ್ರಕರ್ತೆ ಗೌರಿ ಲಂಕೇಶ್ ಗೆಳೆಯರಿಗೆ ಹೇಳಿಕೊಟ್ಟಿದ್ದ ಅವಸರದ ಸಾರು ಅದು. ‘ಗೌರಿ ಲಂಕೇಶ್ಸ್ ಅರ್ಜೆಂಟ್ ಸಾರು’ ಎಂದೇ ಆ ಪ್ರದರ್ಶನಕ್ಕೆ ಹೆಸರು. ಕಿರೀಟ ಇಟ್ಟ ತಾಯಿ ಒಲೆಯ ಮುಂದೆ ನಿಂತು ಅಡುಗೆ ಮಾಡುತ್ತಾಳೆ. ದುಡಿದು ಬಂದು, ಅವಸರದಲ್ಲಿ ಏನೋ ಒಂದು ಕುದಿಸಿಕೊಂಡು ತಿಂದು, ಮತ್ತೆ ಬರೆಯಲು ಕೂರುವ ಹೆಣ್ಣಿನ ಅಡುಗೆ ಅದು. ಸಂತಾಪ ಸೂಚನೆ ಹೀಗೂ ಇರಬಹುದು ಎಂದು ನನಗೆ ತೋರಿಸಿಕೊಟ್ಟ ಕೆಲಸ.

ಪುಷ್ಪಮಾಲಾ ಅವರ ಚಿತ್ರಗಳನ್ನು ನ್ಯೂಯಾರ್ಕಿನವರು ನೋಡಿದ್ದಾರೆ. ಸೋಲಾಪುರದವರೂ ನೋಡಬೇಕು. ಇಲ್ಲಿ ನಾಟಕಗೃಹಗಳಿವೆ, ಕಾಲೇಜುಗಳಿವೆ. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಆಡುವ ಜನರಿದ್ದಾರೆ. ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಗಳ ಹುಡುಗಿಯರನ್ನು ಬಸ್ಸು ಮಾಡಿ ಕರೆತರಬಹುದು. ನನ್ನ ಕೈಯಲ್ಲಿದ್ದರೆ ಬಾಗಿಲ ಬಳಿಯ ಮೊದಲ ಗೋಡೆಗೆ ಲಕ್ಷ್ಮಿ, ಅವಳ ಎದುರಿಗೆ ಚೌಕಳಿ ಪರದೆಯ ಸರಣಿ, ಒಳಗಿನ ಕೋಣೆಯಲ್ಲಿ ವಿಜಯಪುರದ ಯೋಗಿನಿ. ಕೊನೆಯ ಕೋಣೆಯನ್ನು ಸೆಟ್ಲಮೆಂಟಿನ ಹುಡುಗಿಯರಿಗೆ ಬಿಡಬೇಕು. ಅವರ ಕೈಯಲ್ಲಿ ಈಗ ಫೋನಿದೆ, ಫೋನಿನಲ್ಲಿ ಕ್ಯಾಮೆರಾ ಇದೆ. ಯಾವ ಫೋಟೊ ಇಡಬೇಕು, ಯಾವುದು ಬೇಡ ಎಂಬುದನ್ನು ಅವರೇ ಆರಿಸಲಿ. ಜಾಗದ ಬಾಡಿಗೆ, ಚೌಕಟ್ಟಿನ ಖರ್ಚು ಹೊರುವ ಮನಸ್ಸಿನವರು ಈ ಊರಿನಲ್ಲಿ ಖಂಡಿತ ಇದ್ದಾರೆ. ಅವರು ಮುಂದೆ ಬಂದರೆ ಉಳಿದ ಓಡಾಟಕ್ಕೆ ನಾನು ತಯಾರು.